ಹುಣಸೆಹಣ್ಣು ಹಚ್ಚಿದ ಟೆಲಿಗ್ರಾಫ್

ಜುಲೈ ಮೊದಲ ವಾರ. ಮಂಗಳೂರಿನಲ್ಲಿ ಮಳೆ ಬಿಡದೆ ಹೊಯ್ಯುತ್ತಿತ್ತು. ನಿವೃತ್ತ ಹೈಸ್ಕೂಲ್ ಟೀಚರೊಬ್ಬರು ಆಟೋರಿಕ್ಷಾದಲ್ಲಿ ಗೋಣಿ ಸುತ್ತಿದ ಭಾರದ ಸಾಮಾನೊಂದನ್ನು ತಂದು ನನ್ನ ವರ್ಕ್‌ಶಾಪಿನ ಜಗಲಿಯಲ್ಲಿ ಇಳಿಸಿದರು. ಗೋಣಿ ಬಿಚ್ಚಿದರೆ ಹಡಗಿನ ಎಂಜಿನ್ ಟೆಲಿಗ್ರಾಫ್, ಹಡಗು ನಡೆಸುವವರು ಕೆಳಗಿನ ಎಂಜಿನ್ ಕೋಣೆಗೆ ವೇಗದ ಆದೇಶ ಕಳಿಸುವ ಯಂತ್ರ. ದುಂಡು ಮುಖ, ಪಕ್ಕದಲ್ಲಿ ಹಿಡಿ, ಕೆಳಗೆ ಎದೆಯೆತ್ತರದ ಕಂಬ. ಮುಖದ ಅಂಚಿನಲ್ಲಿ, ಸ್ಕ್ರೂಗಳ ಬುಡದಲ್ಲಿ, ಎರಕದ ಮೈಮೇಲಿನ ಸಣ್ಣ ಸಣ್ಣ ಗುಳಿಗಳಲ್ಲಿ ತಿಳಿಹಸಿರು ಪುಡಿ ಎದ್ದಿತ್ತು.

"ಎಷ್ಟು ತಿಕ್ಕಿದರೂ ಎರಡು ದಿನಕ್ಕೆ ಮತ್ತೆ ಬರ್ತದೆ ಸರ್, ಬೂಷ್ಟಿನ ಹಾಗೆ" ಅಂದರು ಟೀಚರ್.

ಅವರ ಕುಟುಂಬ ಮೂಲತಃ ಗಂಗೊಳ್ಳಿ ಕಡೆಯದು. ಅವರ ಅಪ್ಪಯ್ಯನಿಗೆ ಆಗ 84 ವರ್ಷ. ಹರೆಯದಲ್ಲಿ ಬೊಂಬಾಯಿಗೆ ಹೋಗಿ ಸರಕು ಹಡಗು ಹತ್ತಿದವರು, ಎಂಜಿನ್ ಕೋಣೆಯಲ್ಲಿ ಆಯಿಲ್‌ಮ್ಯಾನ್ ಆಗಿ ಇಪ್ಪತ್ತಾರು ವರ್ಷ ದುಡಿದವರು. ಟೀಚರ ತಮ್ಮ ಹೊಸ ಮನೆ ಕಟ್ಟಿಸಿದಾಗ, ಅಪ್ಪಯ್ಯನ ಬದುಕಿನ ಒಂದು ಗುರುತು ಮನೆಯಲ್ಲಿರಲಿ ಎಂದು, ಹಳೆಯ ಹಡಗು ಒಡೆಯುವ ಅಲಂಗ್‌ಗೆ ಹೋಗಿ ಇದನ್ನು ಕೊಂಡು ತಂದಿದ್ದ. ಗೃಹಪ್ರವೇಶದ ಹಿಂದಿನ ದಿನ ಮನೆಯ ಹೆಂಗಸರೆಲ್ಲ ಸೇರಿ ಕಾಲುದೀಪಕ್ಕೆ ಮಾಡುವ ಹಾಗೆಯೇ ಇದಕ್ಕೂ ಹುಣಸೆಹಣ್ಣು, ಕಲ್ಲುಪ್ಪು ಹಚ್ಚಿ ತೆಂಗಿನ ನಾರಿನಲ್ಲಿ ತಿಕ್ಕಿದ್ದರು. ಫೆಬ್ರುವರಿಯಲ್ಲಿ ಅದು ಬಂಗಾರದ ಹಾಗೆ ಹೊಳೆದಿತ್ತು. ಜೂನ್ ಮಳೆ ಹಿಡಿದ ಮೇಲೆ ಹಸಿರು ಶುರುವಾಯಿತು.

ಮನೆಯವರು ನನ್ನ ಮುಂದಿಟ್ಟ ಪ್ರಶ್ನೆ ಎರಡು. ಹಸಿರು ನಿಲ್ಲುತ್ತದೆಯೇ? ಇದು ಅಸಲಿ ಹೌದೇ? ಎರಡಕ್ಕೂ ಉತ್ತರ ಸಿಗಲು ನಾಲ್ಕು ತಿಂಗಳು ಹಿಡಿಯಿತು. ಉತ್ತರ ಹುಡುಕುವಾಗ ಯಾರೂ ಕೇಳದೇ ಇದ್ದ ಮೂರನೇ ಪ್ರಶ್ನೆಯೇ ದೊಡ್ಡದಾಗಿ ಎದುರಿಗೆ ಬಂತು: ಇದು ಯಾವ ಹಡಗಿನದು?

ಅಲಂಗ್ ಗುಜರಾತಿನ ಭಾವನಗರ ಜಿಲ್ಲೆಯಲ್ಲಿ, ಖಂಭಾತ್ ಕೊಲ್ಲಿಯ ದಡದಲ್ಲಿದೆ. ಅಲ್ಲಿ ಹಡಗು ಒಡೆಯುವ ಕೆಲಸ ಶುರುವಾದದ್ದು 1983ರಲ್ಲಿ. ಆ ಕೊಲ್ಲಿಯ ಭರತ ಇಳಿತಗಳ ವ್ಯತ್ಯಾಸ ನಮ್ಮ ಕರಾವಳಿಯವರ ಊಹೆಗೆ ಸಿಗುವಂಥದ್ದಲ್ಲ. ದೊಡ್ಡ ಭರತದ ದಿನ ಹಡಗನ್ನು ಪೂರ್ತಿ ವೇಗದಲ್ಲಿ ದಡಕ್ಕೆ ಏರಿಸಿಬಿಡುತ್ತಾರೆ. ನೀರು ಇಳಿದಾಗ ಹಡಗು ಕೆಸರಿನ ಮೇಲೆ ಕೂತಿರುತ್ತದೆ. ಆಮೇಲೆ ಗ್ಯಾಸ್ ಕಟರ್ ಹಿಡಿದು ತುಂಡು ತುಂಡಾಗಿ ಕತ್ತರಿಸುತ್ತಾರೆ. ನಮ್ಮ ವಿಮಾನವಾಹಕ ನೌಕೆ ವಿರಾಟ್ ಕೂಡ 2020ರ ಸೆಪ್ಟೆಂಬರಿನಲ್ಲಿ ಅಲ್ಲಿಗೇ ಬಂದು ಕೊನೆಯಾಯಿತು. ಕಬ್ಬಿಣ ರೋಲಿಂಗ್ ಮಿಲ್ಲಿಗೆ ಹೋಗುತ್ತದೆ. ಒಳಗಿನ ಮಂಚ, ಕುರ್ಚಿ, ಪಿಂಗಾಣಿ ತಟ್ಟೆ, ಲೈಫ್ ಜಾಕೆಟ್, ದೀಪ, ಗಡಿಯಾರಗಳೆಲ್ಲ ತ್ರಾಪಜ್ ಕಡೆಯಿಂದ ಬರುವ ರಸ್ತೆಯ ಎರಡೂ ಬದಿಯ ಗುಜರಿ ಅಂಗಡಿಗಳಿಗೆ ಹೋಗುತ್ತವೆ. ಆ ಅಂಗಡಿಗಳಿಗೆ ಅಲ್ಲಿನವರು 'ಖಾಡಾ' ಅನ್ನುತ್ತಾರೆ.

ಖಾಡಾದಲ್ಲಿ ಸಾಮಾನನ್ನು ಹಡಗಿನ ಲೆಕ್ಕದಲ್ಲಿ ಜೋಡಿಸುವುದಿಲ್ಲ, ಜಾತಿಯ ಲೆಕ್ಕದಲ್ಲಿ ಜೋಡಿಸುತ್ತಾರೆ. ಹತ್ತು ಹಡಗಿನ ದೀಪ ಒಂದು ರಾಶಿ, ಹತ್ತು ಹಡಗಿನ ಗಡಿಯಾರ ಇನ್ನೊಂದು ರಾಶಿ. ಅಲ್ಲಿಗೆ ಹಡಗಿನ ಹೆಸರು ಅಳಿಸಿಹೋಯಿತು. ಅದಕ್ಕೂ ಮೊದಲೇ, ಕೊನೆಯ ಪ್ರಯಾಣಕ್ಕೆ ಹೊರಡುವಾಗ ಹಡಗಿನ ಹೆಸರನ್ನೇ ಬದಲಿಸುವ ರೂಢಿಯೂ ಇದೆ. 1962ರಲ್ಲಿ 'ಫ್ರಾನ್ಸ್' ಎಂಬ ಹೆಸರಿನಿಂದ ಮೊದಲ ಯಾನ ಮಾಡಿದ ಭಾರಿ ಪ್ರಯಾಣಿಕ ಹಡಗು, 1980ರಿಂದ 'ನಾರ್ವೆ' ಆಗಿ ಓಡಾಡಿ, 2006ರಲ್ಲಿ ಅಲಂಗ್‌ಗೆ ಬಂದಾಗ 'ಬ್ಲೂ ಲೇಡಿ' ಆಗಿತ್ತು. ಒಂದೇ ಹಡಗು, ಮೂರು ಹೆಸರು. ಅದಕ್ಕೇ ನಾನು ಅಲಂಗ್‌ಗೆ ಹೊರಟವರಿಗೆ ಹೇಳುವ ಮೊದಲ ಮಾತು: ಹೆಸರು ಕೇಳಬೇಡಿ, ಐಎಂಒ (ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆ) ಸಂಖ್ಯೆ ಕೇಳಿ. ಏಳು ಅಂಕಿಯ ಆ ಸಂಖ್ಯೆ ಹಡಗಿಗೆ ಒಮ್ಮೆ ಸಿಕ್ಕರೆ ಮಾಲೀಕ ಬದಲಾದರೂ, ಹೆಸರು ಬದಲಾದರೂ, ಧ್ವಜ ಬದಲಾದರೂ ಅದೇ ಇರುತ್ತದೆ. 1996ರಿಂದ ಅದು ಕಡ್ಡಾಯ. ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ಅವನು ಹಡಗು ಒಡೆಯುವ ಯಾವ ಪ್ಲಾಟಿನಿಂದ ಯಾವ ತಿಂಗಳು ತಂದ ಎಂದಾದರೂ ಕೇಳಿ ಬರೆದಿಟ್ಟುಕೊಳ್ಳಬೇಕು. ಟೀಚರ ತಮ್ಮ ಕೇಳಿರಲಿಲ್ಲ. ಅವನ ಬಳಿ ಇದ್ದದ್ದು ಒಂದು ಕೈಬರಹದ ಚೀಟಿ, ಅದರಲ್ಲಿ ತೂಕ ಮತ್ತು ಹಣ.

ಚೌಕಾಶಿ ಮಾಡುವಾಗ ಅಂಗಡಿಯವನು ಜೊತೆಗೆ ಒಂದು ಸೆಕ್ಸ್‌ಟೆಂಟ್ (ಸೂರ್ಯ, ನಕ್ಷತ್ರಗಳ ಎತ್ತರ ಅಳೆದು ಹಡಗಿನ ಜಾಗ ತಿಳಿಯುವ ಉಪಕರಣ) ಪುಕ್ಕಟೆ ಕೊಟ್ಟಿದ್ದನಂತೆ. ಮರದ ಪೆಟ್ಟಿಗೆ, ಮುಚ್ಚಳದ ಮೇಲೆ 'ಕೆಲ್ವಿನ್ ಆ್ಯಂಡ್ ಹ್ಯೂಸ್, ಲಂಡನ್, 1917' ಎಂಬ ಫಲಕ. ಅದನ್ನು ನೋಡಿದ ಕೂಡಲೇ ನನಗೆ ಟೆಲಿಗ್ರಾಫಿನ ಮೇಲೂ ಅನುಮಾನ ಬಂತು. ಕೆಲ್ವಿನ್ ಅವರ ಕಂಪನಿ, ಹ್ಯೂಸ್ ಅವರ ಕಂಪನಿ ಎರಡೂ ಸೇರಿ ಒಂದಾದದ್ದೇ 1947ರಲ್ಲಿ. 1917ರಲ್ಲಿ ಆ ಜೋಡಿ ಹೆಸರು ಇರಲು ಸಾಧ್ಯವಿಲ್ಲ. ಇಂಥ ಹಿತ್ತಾಳೆಯ ಪ್ರತಿಕೃತಿಗಳು ನಮ್ಮದೇ ದೇಶದ ರೂರ್ಕಿ, ಮೊರಾದಾಬಾದ್ ಕಡೆ ಸಾವಿರಗಟ್ಟಲೆ ತಯಾರಾಗುತ್ತವೆ. ಅಲಂಕಾರದ ಸಾಮಾನೆಂದು ಹೇಳಿ ಮಾರಿದರೆ ಅದರಲ್ಲಿ ತಪ್ಪೇನಿಲ್ಲ, ಅದೂ ಒಂದು ಕಸುಬೇ. ಹಡಗಿನಿಂದ ಬಂದದ್ದು ಎಂದು ಮಾರಿದರೆ ಅದು ಮೋಸ.

ಟೆಲಿಗ್ರಾಫನ್ನು ಬಿಚ್ಚಲು ಶುರು ಮಾಡಿದೆ. ಮೊದಲು ಹಿಂದಿನ ಮುಚ್ಚಳ. ಅದರ ಅಂಚಿನಲ್ಲಿ ಬೂದು ಬಣ್ಣದ ನಾರುನಾರಾದ ಹಗ್ಗದಂಥ ಪ್ಯಾಕಿಂಗ್ ಇತ್ತು. ಹೊಸ ಹಡಗುಗಳಲ್ಲಿ ಆಸ್ಬೆಸ್ಟಾಸ್ ಬಳಕೆಗೆ ತಡೆ ಬಿದ್ದದ್ದು 2002ರಿಂದ, ಪೂರ್ತಿ ನಿಷೇಧವಾದದ್ದು 2011ರಲ್ಲಿ. ಹಾಗಾಗಿ ಹಳೆಯ ಹಡಗಿನ ಯಾವ ಬೂದು ನಾರನ್ನು ಕಂಡರೂ ನಾನು ಆಸ್ಬೆಸ್ಟಾಸ್ ಎಂದೇ ತಿಳಿಯುತ್ತೇನೆ. ನೀರು ಸಿಂಪಡಿಸಿ ನೆನೆಸಿ, ಮುಖಕ್ಕೆ ಸರಿಯಾದ ಮಾಸ್ಕ್ ಹಾಕಿ, ತುಂಡಾಗದ ಹಾಗೆ ಎತ್ತಿ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಟ್ಟೆ. ಒಣಗಿದ್ದಾಗ ಚಾಕುವಿನಿಂದ ಕೆರೆಯುವುದು ಶ್ವಾಸಕೋಶವನ್ನೇ ಪಣಕ್ಕಿಟ್ಟ ಹಾಗೆ. ಮುಚ್ಚಳದ ಒಳಮೈಗೆ ಬಳಿದಿದ್ದ ಕೆಂಪು ಬಣ್ಣಕ್ಕೂ ಇದೇ ಎಚ್ಚರ, ಅದು ಸೀಸದ ಸಿಂಧೂರ. ಹಳೆಯ ದಿಕ್ಸೂಚಿ, ಮೀಟರುಗಳ ಮುಳ್ಳಿಗೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಳಿದಿದ್ದರೆ ನಾನು ಬಿಚ್ಚುವುದೇ ಇಲ್ಲ. ಹೊಳಪು ಸತ್ತುಹೋಗಿರುತ್ತದೆ, ರೇಡಿಯಂ ಸತ್ತಿರುವುದಿಲ್ಲ. ಅದರ ಅರ್ಧಾಯುಷ್ಯ 1600 ವರ್ಷ. ಈ ಟೆಲಿಗ್ರಾಫಿನಲ್ಲಿ ಅದು ಇರಲಿಲ್ಲ.

ಒಳಗೆ ನೋಡಿದಾಗ ಅನುಮಾನ ಕರಗಿತು. ಗಂಟೆ, ಗಂಟೆ ಹೊಡೆಯುವ ಸುತ್ತಿಗೆ, ಹಲ್ಲುಚಕ್ರ, ಅದರ ಮೇಲೆ ಅರ್ಧ ಅಡಿಯಷ್ಟು ಚೈನು. ಚೈನಿನ ಎರಡೂ ತುದಿ ಕರಗಿ ಗುಂಡಾಗಿತ್ತು. ಗ್ಯಾಸ್ ಕಟರಿನ ಗುರುತು ಅದು. ಅಲಂಗ್‌ನಲ್ಲಿ ಸ್ಕ್ರೂ ಬಿಚ್ಚುತ್ತ ಕೂರುವಷ್ಟು ಪುರಸೊತ್ತು ಯಾರಿಗೂ ಇಲ್ಲ, ಬೆಂಕಿ ಹಿಡಿದು ಕತ್ತರಿಸುತ್ತಾರೆ. ಪ್ರತಿಕೃತಿ ಮಾಡುವವರು ಒಳಗೆ ಇಷ್ಟು ಕೆಲಸ ಮಾಡುವುದಿಲ್ಲ, ಮಾಡಿದರೂ ಚೈನನ್ನು ಸುಡುವುದಿಲ್ಲ. ಮೂಲೆಗಳಲ್ಲಿ ಗಟ್ಟಿಯಾಗಿ ಟಾರಿನಂತಾದ ಎಣ್ಣೆ, ಅದರಲ್ಲಿ ಸಿಕ್ಕಿಕೊಂಡ ಕಾಟನ್ ವೇಸ್ಟಿನ ಎಳೆಗಳು. ಸ್ಕ್ರೂಗಳ ಮರೆ (ಮೈಮೇಲಿನ ಸುರುಳಿ ಗೀರು) ವಿಟ್‌ವರ್ತ್ ಅಳತೆಯದು, ಅಂದರೆ ಹಳೆಯ ಬ್ರಿಟಿಷ್ ಪದ್ಧತಿ, 55 ಡಿಗ್ರಿ ಕೋನದ್ದು. ಇವತ್ತಿನ ಮೆಟ್ರಿಕ್ ಮರೆಗೆ 60 ಡಿಗ್ರಿ. ಡಯಲ್ ಮೇಲೆ ಲಿವರ್‌ಪೂಲಿನ ಚಾಡ್‌ಬರ್ನ್ ಕಂಪನಿಯ ಹೆಸರು, ಉಳಿಯಿಂದ ಕೊರೆದದ್ದು. ಟೆಲಿಗ್ರಾಫಿಗೇ 'ಚಾಡ್‌ಬರ್ನ್' ಎಂದು ಕರೆಯುವಷ್ಟು ಆ ಕಂಪನಿ ಹೆಸರಾಗಿತ್ತು. ಹೆಸರೊಂದನ್ನೇ ನಂಬುವುದಕ್ಕಾಗದು. ಚೈನು, ಎಣ್ಣೆ, ಮರೆ ಈ ಮೂರೂ ಒಂದೇ ಮಾತು ಹೇಳಿದ್ದರಿಂದ ತಲೆಭಾಗ ಅಸಲಿ ಎಂದು ಬರೆದೆ.

ಕಂಬ ಮಾತ್ರ ಅಸಲಿಯಲ್ಲ. ತಲೆಭಾಗವನ್ನು ಕಂಬಕ್ಕೆ ಸೇರಿಸಿದ್ದ ನಾಲ್ಕು ಬೋಲ್ಟುಗಳೂ ಮೆಟ್ರಿಕ್. ತೂತುಗಳ ಒಳಮೈ ಇನ್ನೂ ಹಳದಿಯಾಗಿಯೇ ಇತ್ತು, ಮೊನ್ನೆಮೊನ್ನೆ ಕೊರೆದದ್ದು. ಅಂಗಡಿಯಲ್ಲಿ ಎದ್ದು ಕಾಣಲೆಂದು ಬೇರೆ ಯಾವುದೋ ಕಂಬದ ಮೇಲೆ ಇದನ್ನು ಕೂರಿಸಿದ್ದರು. ಕಂಬದ ಕಡೆಗೆ ಚೈನು ಇಳಿಯಲು ದಾರಿಯೇ ಇರಲಿಲ್ಲ. ಚೈನಿನ ದಾರಿ ಇದ್ದದ್ದು ತಲೆಯ ಮೇಲ್ಭಾಗದಲ್ಲಿ.

ಇದರ ಅರ್ಥ ಹೇಳಿದವರು ಅಪ್ಪಯ್ಯ. ಆಗಸ್ಟಿನಲ್ಲಿ ಒಂದು ದಿನ ಮಗಳ ಜೊತೆ ಬಂದರು. ಬೆಂಚಿನ ಮೇಲೆ ಬಿಚ್ಚಿಟ್ಟ ತುಂಡುಗಳನ್ನು ತುಂಬ ಹೊತ್ತು ನೋಡಿದರು. ಚೈನಿನ ದಾರಿಗೆ ಬೆರಳಿಟ್ಟು, "ಇದ್ ಬ್ರಿಜ್ಜಿಂದ್ ಅಲ್ಲ ಕಾಣಿ. ಕೆಳ್ಗಿಂದ್. ನಮ್ದ್" ಅಂದರು.

ಅವರು ಹೇಳಿದ್ದನ್ನು ಗೊತ್ತಿಲ್ಲದವರಿಗಾಗಿ ಬಿಡಿಸಿ ಹೇಳುತ್ತೇನೆ. ಹಡಗು ನಡೆಸುವವರು ಮೇಲೆ ಬ್ರಿಜ್ಜಿನಲ್ಲಿರುತ್ತಾರೆ, ಎಂಜಿನ್ ಕೆಳಗಿರುತ್ತದೆ. ಮೇಲಿನವರಿಗೆ ವೇಗ ಬದಲಿಸಬೇಕಾದಾಗ ಬ್ರಿಜ್ಜಿನ ಟೆಲಿಗ್ರಾಫಿನ ಹಿಡಿಯನ್ನು ತಿರುಗಿಸುತ್ತಾರೆ. ತಂತಿ, ಚೈನು, ರಾಟೆಗಳ ಮೂಲಕ ಆ ಚಲನೆ ಅಂತಸ್ತು ಅಂತಸ್ತು ಇಳಿದು ಎಂಜಿನ್ ಕೋಣೆಯ ಟೆಲಿಗ್ರಾಫಿನ ಮುಳ್ಳನ್ನು ತಿರುಗಿಸುತ್ತದೆ, ಗಂಟೆ ಹೊಡೆಯುತ್ತದೆ. ಫುಲ್, ಹಾಫ್, ಸ್ಲೋ, ಡೆಡ್ ಸ್ಲೋ, ಮುಂದಕ್ಕೆ ಅಹೆಡ್, ಹಿಂದಕ್ಕೆ ಅಸ್ಟರ್ನ್. ಕೆಳಗಿನವರು ತಮ್ಮ ಹಿಡಿಯನ್ನು ಅದೇ ಜಾಗಕ್ಕೆ ತಂದರೆ ಮೇಲೆ ಗಂಟೆ ಹೊಡೆದು ಅಲ್ಲಿನ ಮುಳ್ಳು ಕೂಡಿಕೊಳ್ಳುತ್ತದೆ. 'ಕೇಳಿಸಿತು, ಮಾಡುತ್ತೇವೆ' ಎಂಬ ಉತ್ತರ ಅದು. ಪ್ರತಿ ಆದೇಶವನ್ನೂ ನಿಮಿಷದ ಸಮೇತ ಪುಸ್ತಕದಲ್ಲಿ ಬರೆದಿಡಬೇಕು. ಬ್ರಿಜ್ಜಿನ ಕಂಬದಲ್ಲಿ ಚೈನು ಕೆಳಕ್ಕೆ ಇಳಿಯುತ್ತದೆ. ಈ ಯಂತ್ರಕ್ಕೆ ಅದು ಮೇಲಿನಿಂದ ಬಂದಿತ್ತು. ಅಂದರೆ ಇದು ಎಂಜಿನ್ ಕೋಣೆಯ ಗೋಡೆಯಲ್ಲಿದ್ದದ್ದು.

ಹಡಗಿನ ಹೆಸರು ಸಿಗದಿದ್ದರೂ ಹಡಗಿನ ಯಾವ ಭಾಗದ್ದು ಎಂಬುದು ಹೀಗೆ ಸಿಕ್ಕಿತು. ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇದೇ. ಹಡಗಿನ ಸಾಮಾನನ್ನು ರಿಪೇರಿ ಮಾಡುವವನು ಮೊದಲು ಅದರ ಮೈಮೇಲಿನ ಗುರುತುಗಳನ್ನು ಓದಿ ಬರೆದುಕೊಳ್ಳಬೇಕು, ಆಮೇಲೆ ಬ್ರಷ್ ಹಿಡಿಯಬೇಕು. ಕರಗಿದ ಚೈನನ್ನು 'ಕೊಳಕು' ಎಂದು ಕಿತ್ತು ಬಿಸಾಡಿದ್ದರೆ, ಎಣ್ಣೆಯನ್ನು ಮೊದಲ ದಿನವೇ ಡೀಸೆಲಿನಲ್ಲಿ ತೊಳೆದಿದ್ದರೆ ನನ್ನ ಕೈಯಲ್ಲಿ ಉಳಿಯುತ್ತಿದ್ದದ್ದು ಹಿತ್ತಾಳೆ ಬಣ್ಣದ ಒಂದು ಪಾತ್ರೆ ಮಾತ್ರ.

ಇನ್ನು ಹಸಿರಿನ ವಿಷಯ. ತಾಮ್ರದ ಪಾತ್ರೆಗೆ ಹಿಡಿಯುವ ಸಾಮಾನ್ಯ ಕಿಲುಬು ಗಟ್ಟಿಯಾಗಿ ಕೂತಿರುತ್ತದೆ, ಒಂದರ್ಥದಲ್ಲಿ ಲೋಹವನ್ನು ಕಾಯುತ್ತದೆ. ಇದು ಬೇರೆ. ಸಮುದ್ರದ ಉಪ್ಪಿನ ಕ್ಲೋರೈಡ್ ಎರಕದ ಗುಳಿಗಳೊಳಗೆ ತಾಮ್ರದ ಜೊತೆ ಸೇರಿ ಕೂತಿರುತ್ತದೆ. ಗಾಳಿ ಒಣಗಿದ್ದಾಗ ಸುಮ್ಮನಿರುತ್ತದೆ. ತೇವ ಸಿಕ್ಕಿತೋ, ಅಲ್ಲಿ ಆಮ್ಲ ಹುಟ್ಟಿ ಹೊಸ ತಾಮ್ರವನ್ನು ತಿನ್ನುತ್ತದೆ, ತಿಂದದ್ದು ಮತ್ತೆ ಕ್ಲೋರೈಡ್ ಆಗುತ್ತದೆ, ಅದು ಮತ್ತೆ ತಿನ್ನುತ್ತದೆ. ಇದಕ್ಕೆ ಕಂಚಿನ ರೋಗ ಎಂದೇ ಹೆಸರು. ಹುಣಸೆಹುಳಿ ಮೇಲಿನ ಪದರವನ್ನು ಕರಗಿಸಿ ತೆಗೆಯಿತು, ಕಲ್ಲುಪ್ಪು ಇನ್ನಷ್ಟು ಕ್ಲೋರೈಡನ್ನು ಒಳಗೆ ಇಳಿಸಿತು, ಮಳೆಗಾಲ ಉಳಿದ ಕೆಲಸ ಮಾಡಿತು. ಟೀಚರಿಗೆ ಇದನ್ನು ಹೇಳಿದಾಗ ಅವರ ಮುಖ ಬಾಡಿತು. ತಪ್ಪು ಅವರದ್ದಲ್ಲ. ಮನೆಯ ಕಾಲುದೀಪಕ್ಕೆ ಹುಣಸೆಹಣ್ಣು ಸರಿಯೇ. ನುಣುಪಾದ ಮೈ, ತೊಳೆದು ಒರೆಸಿದರೆ ಉಪ್ಪು ಹೋಗುತ್ತದೆ. ಸಮುದ್ರದಲ್ಲಿ ದಶಕಗಳ ಕಾಲ ಇದ್ದು ಬಂದ ಗುಳಿಬಿದ್ದ ಎರಕಕ್ಕೆ ಅದು ಆಗುವುದಿಲ್ಲ.

ಮುಖದ ಗಾಜನ್ನು ಹಿಡಿದಿಡುವ ಹಿತ್ತಾಳೆ ಬಳೆಯಲ್ಲಿ ಕೂದಲೆಳೆಯಷ್ಟು ತೆಳುವಾದ ಎರಡು ಬಿರುಕು ಕೂಡ ಇದ್ದವು. ಹೊಳಪು ಕಡಿಮೆಯಾದಾಗಲೆಲ್ಲ ಟೀಚರ ತಮ್ಮ ಅಮೋನಿಯ ಇರುವ ಪಾಲಿಶ್ ಹಚ್ಚುತ್ತಿದ್ದನಂತೆ. ತಗಡನ್ನು ತಣ್ಣಗಿದ್ದಾಗಲೇ ಬಗ್ಗಿಸಿ ಒತ್ತಿ ಮಾಡಿದ ಹಿತ್ತಾಳೆಯೊಳಗೆ ಬಿಗಿತ ಉಳಿದಿರುತ್ತದೆ. ಅಮೋನಿಯ ಮತ್ತು ತೇವ ಒಟ್ಟಿಗೆ ತಾಗಿದರೆ ಅದು ಬಿರಿಯುತ್ತದೆ. ಇದು ಜಗತ್ತಿಗೆ ಗೊತ್ತಾದ ಕತೆಯೂ ನಮ್ಮ ಮಳೆಗಾಲದ್ದೇ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನಾ ಉಗ್ರಾಣಗಳಲ್ಲಿ ಇಟ್ಟ ತೋಟಾಗಳ ಹಿತ್ತಾಳೆ ಕೊಳವೆಗಳು ಪ್ರತಿ ಮಳೆಗಾಲ ತಾವಾಗಿಯೇ ಬಿರಿಯುತ್ತಿದ್ದವು. ಕಾರಣ ಕುದುರೆ ಲಾಯದ ಮೂತ್ರದಿಂದ ಏಳುವ ಅಮೋನಿಯ ಎಂದು ವಿವರಿಸಿದ್ದು 1921ರಲ್ಲಿ. ಆ ಬಳೆಯನ್ನು ನಾನು ಬದಲಿಸಲಿಲ್ಲ. ಹಿಂದಿನಿಂದ ತೆಳು ಪಟ್ಟಿ ಕೊಟ್ಟು, ಬೇಕೆಂದಾಗ ತೆಗೆಯಬಹುದಾದ ಅಂಟಿನಲ್ಲಿ ಕೂರಿಸಿದೆ.

ಕ್ಲೋರೈಡ್ ತೆಗೆಯಲು ಬೇಕಾದದ್ದು ತಾಳ್ಮೆ. ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಡಿಸ್ಟಿಲ್ಡ್ ನೀರು, ಅದಕ್ಕೆ ನೂರಕ್ಕೆ ಐದರಂತೆ ಸೋಡಿಯಂ ಸೆಸ್ಕಿಕಾರ್ಬೊನೇಟ್. ವಾಷಿಂಗ್ ಸೋಡಾ, ಅಡುಗೆ ಸೋಡಾ ಎರಡನ್ನೂ ಲೆಕ್ಕದಲ್ಲಿ ಕೂಡಿಸಿದರೆ ಅದೇ ಆಗುತ್ತದೆ. ಎರಕದ ತುಂಡುಗಳನ್ನು ಅದರಲ್ಲಿ ಮುಳುಗಿಸಿ ವಾರಕ್ಕೊಮ್ಮೆ ನೀರು ಬದಲಿಸಿದೆ. ಪ್ರತಿ ಸಲ ಹಳೆ ನೀರನ್ನು ಒಂದಿಷ್ಟು ಗಾಜಿನ ಕೊಳವೆಗೆ ತೆಗೆದು, ನೊರೆ ನಿಲ್ಲುವ ತನಕ ನೈಟ್ರಿಕ್ ಆಮ್ಲ ಹನಿಸಿ, ಆಮೇಲೆ ಸಿಲ್ವರ್ ನೈಟ್ರೇಟ್ ಎರಡು ಹನಿ. ನೀರಲ್ಲಿ ಕ್ಲೋರೈಡ್ ಇದ್ದರೆ ಅದು ಬೆಳ್ಳಗಾಗುತ್ತದೆ. ಮೊದಲ ವಾರ ಕೊಳವೆ ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ಆರನೇ ವಾರ ತಿಳಿಗಂಜಿಯಷ್ಟು. ಹನ್ನೊಂದನೇ ವಾರ ಕಪ್ಪು ಬಟ್ಟೆಯ ಎದುರು ಹಿಡಿದರೂ ಮಂಜು ಕಾಣಲಿಲ್ಲ. ನಲ್ಲಿ ನೀರಿನಲ್ಲಿ ಈ ಪರೀಕ್ಷೆ ಮಾಡಿ ಕಂಗೆಟ್ಟವರನ್ನು ನೋಡಿದ್ದೇನೆ. ಆ ನೀರಲ್ಲೇ ಕ್ಲೋರೈಡ್ ಇರುತ್ತದೆ, ಅದು ಎಂದೂ ತಿಳಿಯಾಗುವುದಿಲ್ಲ.

ಆಮೇಲೆ ಚೆನ್ನಾಗಿ ತೊಳೆದು ಒಣಗಿಸಿ, ಬೆಂಜೊಟ್ರಯಜೋಲ್ ಎಂಬ ರಾಸಾಯನಿಕವನ್ನು ಸ್ಪಿರಿಟ್ಟಿನಲ್ಲಿ ನೂರಕ್ಕೆ ಮೂರರಂತೆ ಕರಗಿಸಿ ಒಂದು ಇಡೀ ದಿನ ನೆನೆಸಿದೆ. ಅದು ತಾಮ್ರದ ಜೊತೆ ಸೇರಿ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ವಿಷಕಾರಿ, ಕೈಗವಸು ಇಲ್ಲದೆ ಮುಟ್ಟಬಾರದು. ಕೊನೆಗೆ ಮೈಕ್ರೊಕ್ರಿಸ್ಟಲೈನ್ ಮೇಣ. ಲ್ಯಾಕರ್ ಹೊಡೆಯಿರಿ, ಹೊಳಪು ಉಳಿಯುತ್ತದೆ ಎಂದು ತಮ್ಮ ಕೇಳಿಕೊಂಡ. ನಾನು ಒಪ್ಪಲಿಲ್ಲ. ಮನೆಮಂದಿ ದಿನಾ ಮುಟ್ಟುವ ಸಾಮಾನಿಗೆ ಲ್ಯಾಕರ್ ಎಲ್ಲಾದರೂ ಗೀರಿದರೆ ಅದರ ಅಡಿಯಲ್ಲೇ ತೇವ ಹರಡುತ್ತದೆ.

ಡಯಲನ್ನು ಡ್ರಮ್ಮಿಗೆ ಹಾಕಲಿಲ್ಲ. ಕೊರೆದ ಅಕ್ಷರಗಳಲ್ಲಿ ತುಂಬಿದ್ದದ್ದು ಅರಗು. ಅಹೆಡ್ ಬದಿಗೆ ಕಪ್ಪು, ಅಸ್ಟರ್ನ್ ಬದಿಗೆ ಕೆಂಪು. ಸೋಡಾ ನೀರು ಅರಗನ್ನು ಕರಗಿಸಿಬಿಡುತ್ತದೆ. ಹಾಗಾಗಿ ಹತ್ತಿ ಸುತ್ತಿದ ಕಡ್ಡಿಯಲ್ಲಿ ಡಿಸ್ಟಿಲ್ಡ್ ನೀರು ಹಚ್ಚಿ ಹಚ್ಚಿ ಅಂಗುಲ ಅಂಗುಲವಾಗಿ ತೆಗೆದೆ, ಅದಕ್ಕೇ ಒಂಬತ್ತು ದಿನ ಹಿಡಿಯಿತು. ತೆಂಗಿನ ನಾರು 'ಸ್ಲೋ' ಪದದ ಎರಡು ಅಕ್ಷರಗಳಿಂದ ಅರಗನ್ನು ಕೆತ್ತಿ ಹಾಕಿತ್ತು. ಅಲ್ಲಿಗಷ್ಟೇ ಹೊಸ ಅರಗಿಗೆ ದೀಪದ ಮಸಿ ಕಲಸಿ ತುಂಬಿದೆ. ಸ್ಪಿರಿಟ್ ಹಚ್ಚಿದರೆ ನಾನು ತುಂಬಿದ್ದು ಬಿಟ್ಟುಬರುತ್ತದೆ. ಮುಂದೆ ನನಗಿಂತ ಚೆನ್ನಾಗಿ ಮಾಡುವವರು ಬಂದರೆ ಅವರಿಗೆ ದಾರಿ ಇರಲಿ.

ಹಿಡಿಯನ್ನು ಮುಟ್ಟಲೇ ಇಲ್ಲ, ಮೇಣ ಹಚ್ಚಿದ್ದೊಂದು ಬಿಟ್ಟು. ಅದರ ಒಳಮೈಯಲ್ಲಿ, ಬಲಗೈ ಹಿಡಿದರೆ ನಾಲ್ಕು ಬೆರಳು ಬೀಳುವ ಕಡೆ, ಲೋಹ ತುಸು ಸವೆದು ಹಳ್ಳವಾಗಿದೆ. ಕಣ್ಣಿಗೆ ಕಾಣುವುದಿಲ್ಲ, ಹಿಡಿದರೆ ತಿಳಿಯುತ್ತದೆ. ಬಫಿಂಗ್ ಚಕ್ರಕ್ಕೆ ಎರಡು ನಿಮಿಷ ಕೊಟ್ಟಿದ್ದರೂ ಅದು ಹೋಗುತ್ತಿತ್ತು. ಯಾರ್ಯಾರ ಬೆರಳೋ, ಯಾವ ಸಮುದ್ರದ ಯಾವ ರಾತ್ರಿ ಪಾಳಿಯದೋ. ಇಷ್ಟು ವರ್ಷದ ಕೆಲಸದಲ್ಲಿ ಉಳಿಸಿಕೊಂಡೆನಲ್ಲ ಎಂದು ನನಗೆ ಸಮಾಧಾನ ಕೊಟ್ಟ ಜಾಗಗಳಲ್ಲಿ ಅದೂ ಒಂದು.

ಕಂಬದ ಬಗ್ಗೆ ಮನೆಯಲ್ಲಿ ಸಣ್ಣ ಜಗಳವೇ ಆಯಿತು. ಕಂಬವಿದ್ದರೆ ಹಜಾರಕ್ಕೆ ಗತ್ತು, ಬಂದವರೆಲ್ಲ ನೋಡುತ್ತಾರೆ ಎಂದು ತಮ್ಮ. ಅದು ಸುಳ್ಳು ಕಂಬ ಎಂದು ನಾನು. ಟೀಚರ್ ಅಪ್ಪಯ್ಯನ ಮುಖ ನೋಡಿದರು. ಅವರು, "ಗ್ವಾಡಿಗ್ ಹಾಕಿ" ಎಂದಷ್ಟೇ ಹೇಳಿ ಸುಮ್ಮನಾದರು. ಸಾಗುವಾನಿ ಹಲಗೆಗೆ, ನಡುವೆ ನೈಲಾನ್ ವಾಶರ್ ಕೊಟ್ಟು, ನಿಂತವರ ಎದೆಯೆತ್ತರಕ್ಕೆ ಗೋಡೆಗೆ ಹಾಕಿದೆವು. ಗಂಟೆಯ ಸ್ಪ್ರಿಂಗ್ ಮಾತ್ರ ಹೊಸದು. ಹಳೆಯದನ್ನು ಚೀಲದಲ್ಲಿ ಹಾಕಿ ಹಲಗೆಯ ಹಿಂದೆ ಕಟ್ಟಿದ್ದೇನೆ, ಕರಗಿದ ಚೈನಿನ ಜೊತೆ.

ದುಬೈಯಲ್ಲಿರುವ ಮೊಮ್ಮಗ ಮುಂದೊಮ್ಮೆ ಇದನ್ನು ಅಲ್ಲಿಗೆ ಒಯ್ಯಬೇಕೆಂದಿದ್ದಾನಂತೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಐತಿಹಾಸಿಕ ಮಹತ್ವದ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ಅಷ್ಟು ಹಳೆಯದಲ್ಲದಿದ್ದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆದು ಒಯ್ಯಬಹುದು. ಅದಕ್ಕೂ ಬೇಕಾಗುವುದು ಇತಿಹಾಸದ ದಾಖಲೆಯೇ. ಬಿಚ್ಚುವ ಮೊದಲಿನ ಫೋಟೊ, ಮರೆಯ ಅಳತೆ, ವಾರವಾರದ ಪರೀಕ್ಷೆಯ ಫಲಿತಾಂಶ, ಕಂಬ ಬೇರೆಯದು ಎಂಬ ಮಾತು, ಅಪ್ಪಯ್ಯ ಹೇಳಿದ್ದು, ಎಲ್ಲವನ್ನೂ ಬರೆದು ಒಂದು ಪ್ರತಿ ಅವರಿಗೆ ಕೊಟ್ಟು ಒಂದು ಪ್ರತಿ ನಾನು ಇಟ್ಟುಕೊಂಡೆ. ಹಡಗಿನ ಹೆಸರಿನ ಸಾಲು ಖಾಲಿ ಬಿಟ್ಟಿದೆ.

ಮರು ವರ್ಷ ಆಗಸ್ಟಿನಲ್ಲಿ ಟೀಚರ್ ಫೋನ್ ಮಾಡಿದರು. ಗಂಟೆಯ ಕೆಳಗಿನ ಒಂದು ಸ್ಕ್ರೂ ಬುಡದಲ್ಲಿ ಸಾಸಿವೆ ಕಾಳಿನಷ್ಟು ಹಸಿರು. ಕಂಡುಹಿಡಿದವರು ಅಪ್ಪಯ್ಯ. ದಿನಾ ಬೆಳಿಗ್ಗೆ ಕಾಫಿ ಕುಡಿದ ಮೇಲೆ ಒಣ ಹತ್ತಿಬಟ್ಟೆಯಲ್ಲಿ ಅದನ್ನು ಒರೆಸುವುದು ಅವರ ಕೆಲಸವಂತೆ, ಬೇರೆ ಯಾರಿಗೂ ಬಿಡುವುದಿಲ್ಲವಂತೆ. ಹೋಗಿ ಆ ಸ್ಕ್ರೂ ಒಂದನ್ನೇ ಬಿಚ್ಚಿ, ತೂತನ್ನು ಮರದ ಕಡ್ಡಿಯಿಂದ ಶುಚಿಮಾಡಿ, ಔಷಧ ಹಚ್ಚಿ, ಮೇಣ ತುಂಬಿ ಮುಚ್ಚಿದೆ. ಹಿಂದಿನ ಮುಚ್ಚಳದೊಳಗೆ ಇಟ್ಟಿದ್ದ ಸಿಲಿಕಾ ಜೆಲ್ ಪೊಟ್ಟಣ ತೇವ ಹೀರಿ ಬಣ್ಣ ಬದಲಿಸಿತ್ತು, ಹೊಸದು ಇಟ್ಟೆ. ದಾಖಲೆಯ ಎರಡೂ ಪ್ರತಿಗಳಲ್ಲಿ ತಾರೀಖು ಹಾಕಿ ಒಂದು ಸಾಲು ಸೇರಿಸಿದೆವು, ಟೀಚರ ಪ್ರತಿಯಲ್ಲಿ ಆ ಸಾಲನ್ನು ಅಪ್ಪಯ್ಯನೇ ಬರೆದರು, ಎಂಜಿನ್ ಕೋಣೆಯ ಪುಸ್ತಕದಲ್ಲಿ ಬರೆಯುವ ಹಾಗೆ ಗಂಟೆ, ನಿಮಿಷದ ಸಮೇತ.